ಒಣ ಕಲ್ಲಿನ ಫೋಟೋ

ಕಲ್ಲಿನ ಮೇಲೆ ನೀರು ಹಾಕಲು ಅವತ್ತು ಹೇಳಿದವರು ಯಾರು ಎಂಬುದಕ್ಕೆ ನನ್ನ ಡೈರಿಯಲ್ಲಿ ಉತ್ತರವಿಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ವಾಡಿ. ಅಕ್ಕನ ಶೆಡ್ಡು. ಫೋಟೋ ಆದವು. ಬಿಸಿಲು ಚಲೋ ಇತ್ತು. ಬಣ್ಣ ಬಂತು.’ ಬಣ್ಣ ಬಂತು ಎಂದು ಬರೆದವಳು ಅದು ಎಲ್ಲಿಂದ ಬಂತು ಎಂದು ಬರೆಯಲಿಲ್ಲ. ಸೇಡಂನ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಒಂದು ಶಾಸನ ಓದುವಾಗ ಅದರಲ್ಲಿ ಏನನ್ನು ಬರೆದಿಲ್ಲ ಎಂಬುದನ್ನೂ ಕೇಳಿಕೊಳ್ಳಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಳೆಯ ಶಾಸನಗಳು ಸಿಕ್ಕ ಸನ್ನತಿಗೆ ಅವರನ್ನು ಕರೆದುಕೊಂಡು ಹೋದಾಗಲೂ ಹೇಳಿದ್ದೆ. ನನ್ನದೇ ಕೈಬರಹದ ಐದು ತುಣುಕು ಸಾಲುಗಳಿಗೆ ಆ ಪ್ರಶ್ನೆ ಕೇಳಲು ಮಾತ್ರ ತಿಂಗಳುಗಳೇ ಹಿಡಿದವು.

ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ನಾನೇ ಕಂಡದ್ದು ಯಾವುದು, ಅಕ್ಕ ಹೇಳಿ ಹೇಳಿ ನಾನು ಕಂಡಂತೆ ಆಗಿರುವುದು ಯಾವುದು ಎಂದು ಬೇರೆ ಮಾಡಲು ನೋಡುತ್ತೇನೆ. ಎಲ್ಲ ಕಡೆ ಸಾಧ್ಯವಾಗಲಿಕ್ಕಿಲ್ಲ.

ಅಕ್ಕನನ್ನು ಕೊಟ್ಟದ್ದು ವಾಡಿಗೆ. ಅವಳ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಕಲ್ಲಿನ ವ್ಯವಹಾರ ಇರುವುದು ಗಂಡನ ಅಣ್ಣನದು, ಅಂದರೆ ಅಕ್ಕನ ಭಾವನದು. ರಾವೂರಿನ ದಾರಿಯಲ್ಲಿ ಅವರಿಗೆ ಎರಡು ಶೆಡ್ಡುಗಳಿವೆ. ಗಣಿಯಿಂದ ಬಂದ ಶಹಾಬಾದ ಕಲ್ಲನ್ನು, ನಮ್ಮ ಕಡೆಯ ಮನೆಗಳ ನೆಲಕ್ಕೆಲ್ಲ ಹಾಸಿರುವ ಪರಸಿಯನ್ನು, ಅಲ್ಲಿ ಅಳತೆಗೆ ಕೊಯ್ದು ಪಾಲಿಶ್ ಮಾಡಿ ಲಾರಿಗೆ ಹಾಕುತ್ತಾರೆ. ಮನೆ ಕಟ್ಟುವವರು ಟೈಲ್ಸ್ ಕಡೆ ಹೋದ ಮೇಲೆ ಹಿಂದಿನ ಶೆಡ್ಡಿನ ಮಷೀನು ನಿಂತುಹೋಯಿತು. ಅದರ ಸುತ್ತ ಬಿದ್ದಿದ್ದ ಚೂರು ಕಲ್ಲುಗಳಲ್ಲಿ ಒಂದನ್ನು ಹಿಡಿದು ಅಕ್ಕ ಮೊದಲು ತನಗೊಂದು ಚಪಾತಿ ಮಣೆ ಮಾಡಿಕೊಂಡಳು. ಆಮೇಲೆ ದೀಪದ ಕೆಳಗೆ ಇಡುವ ದುಂಡನೆಯ ಸಣ್ಣ ತಟ್ಟೆಗಳನ್ನು ಮಾಡಿದಳು. ಓಣಿಯವರು ಕೇಳಿ ಕೇಳಿ ಒಯ್ದರು. ಭಾವ ಆ ಶೆಡ್ಡನ್ನು ತೊಗರಿ ವ್ಯಾಪಾರಿಯೊಬ್ಬರಿಗೆ ಗೋದಾಮಿಗೆಂದು ಬಾಡಿಗೆಗೆ ಕೊಡಲಿದ್ದಾರೆ ಎಂಬ ಸುದ್ದಿ ಬಂದಾಗ, ಅದನ್ನು ತನಗೇ ಬಿಡಬೇಕೆಂದು ಅಕ್ಕ ಕೇಳಿದಳು.

ಕೇಳಿದಳು ಎಂದರೆ ನನ್ನ ಕೈಯಿಂದ ಕೇಳಿಸಿದಳು. ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಭಾವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಎರಡು ಮಾರು ಆಚೆ ತಲೆಯ ಮೇಲೆ ಸೆರಗು ಹೊದ್ದು ಅಕ್ಕ ನಿಂತಿದ್ದಳು. ನಾನು ನಡುವೆ.

“ತಂಗಿ, ನಿಮ್ಮಕ್ಕಗ ಹೇಳು,” ಅಂದರು ಭಾವ. “ಯುಗಾದಿ ತನಕ ಶೆಡ್ಡು ಅಕೀದು. ಅಷ್ಟರಾಗ ಆ ಮಷೀನಿಗೆ ದಿನಾ ಕೆಲಸ ಬಂತಂದ್ರ ಇಟಗೊಳ್ಳಲಿ. ಇಲ್ಲಂದ್ರ ತೊಗರಿ ಚೀಲ ಬರ್ತಾವ.”

“ಭಾವಾರಿಗೆ ಹೇಳು, ಆಗಲಿ ಅಂತ,” ಅಂದಳು ಅಕ್ಕ.

“ಕೇಳಸ್ತು,” ಅಂದರು ಭಾವ. ಆದರೂ ನಾನು ಹೇಳುವವರೆಗೆ ಕಾದು ನಿಂತರು.

ಯುಗಾದಿಗೆ ಆಗ ನಾಲ್ಕು ತಿಂಗಳಿತ್ತು.

ಫೋನಿನಲ್ಲಿ ಒಂದು ಪೇಜ್ ಮಾಡಿ ಅಲ್ಲಿ ಮಾರೋಣ ಎಂದವಳು ನಾನೇ. ಇದರಲ್ಲಿ ಸಂಶಯವಿಲ್ಲ, ಡೈರಿಯಲ್ಲೂ ಇದೆ. ಮೊದಲ ಫೋಟೋಗಳನ್ನು ನಾನೇ ತೆಗೆದೆ. ಹಳೆಯ ಪತ್ರಿಕೆ ಹಾಸಿ, ಮೇಲೆ ಮೂರು ತಟ್ಟೆ ಇಟ್ಟು ತೆಗೆದ ಫೋಟೋದಲ್ಲಿ ಕಲ್ಲಿಗಿಂತ ಸ್ಪಷ್ಟವಾಗಿ ಬಂದದ್ದು ಪತ್ರಿಕೆಯಲ್ಲಿದ್ದ ಶ್ರದ್ಧಾಂಜಲಿಯ ಅಜ್ಜನ ಮುಖ.

“ಇದರಾಗ ಮಾರಾಟಕ್ಕ ಯಾವುದದ?” ಎಂದು ಅಕ್ಕ ನಕ್ಕಳು. “ಕಲ್ಲೋ, ಮುತ್ಯಾನೋ?”

ಆಮೇಲೆ ಶಹಾಬಾದಿನಿಂದ ಒಬ್ಬ ಫೋಟೋಗ್ರಾಫರನನ್ನು ಕರೆಸಿದೆವು. ಮದುವೆಗಳ ಫೋಟೋ ತೆಗೆಯುವವನು. ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಊಟದ ಪಂಕ್ತಿಯನ್ನು ಚಂದವಾಗಿ ತೆಗೆದಿದ್ದ ಎನ್ನುವುದೇ ಅವನ ಅರ್ಹತೆ. ಅವನೂ ವಿಡಿಯೋ ನೋಡಿ ನೋಡಿ ವಸ್ತುಗಳ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದ. ಬೈಕಿನಿಂದ ಇಳಿದವನೇ ಪಾಠ ಶುರು ಮಾಡಿದ:

“ಮದುವಿ ಫೋಟೋ ಬ್ಯಾರೆ, ಬ್ರ್ಯಾಂಡ್ ಫೋಟೋ ಬ್ಯಾರೆ ಅಕ್ಕಾರ. ಮದುವ್ಯಾಗ ಎಲ್ಲಾರೂ ಬರಬೇಕು, ಒಬ್ರು ಬಿಟ್ರ ಜಗಳ. ಇದರಾಗ ಹಂಗಿಲ್ಲ. ಎಲ್ಲಾ ಫೋಟೋದಾಗ ಒಂದೇ ಬೆಳಕು, ಒಂದೇ ಬಣ್ಣ ಇರಬೇಕು. ಮಂದಿ ಫೋನಿನ ಮ್ಯಾಲ ಬಟ್ಟು ಸರಸ್ಕೋತ ಹೊಂಟಾಗ, ಇದು ಇವರದೇ ಅಂತ ನಿಂದರಬೇಕು.”

ಅವನು ಚೀಲದಿಂದ ಕೆಂಪು ಬಟ್ಟೆ ತೆಗೆದು ಹಾಸಿದ. ಮೇಲೆ ಒಂದು ತಟ್ಟೆ ಇಟ್ಟ. ಕ್ಯಾಮೆರಾದಲ್ಲಿ ಕಣ್ಣಿಟ್ಟು, ರೂಢಿಯಂತೆ, “ಜರಾ ಈ ಕಡೆ ನೋಡ್ರಿ” ಅಂದುಬಿಟ್ಟ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆಮೇಲೆ ಎಷ್ಟೋ ಹೊತ್ತು ಅವಳಿಗೆ ನಗು ನಿಲ್ಲಲಿಲ್ಲ. ಇದು ನನ್ನ ಕಣ್ಣಿನ ನೆನಪು.

ಫೋಟೋದಲ್ಲಿ ಕಲ್ಲು ಬೂದಿಯ ಹಾಗೆ ಬಂತು. “ಸಪ್ಪಗ ಅದ” ಎಂದ ಅವನು. ಬಟ್ಟೆ ಬದಲಿಸಿದ, ಚೆಂಡುಹೂ ಇಟ್ಟ, ಹಿತ್ತಾಳೆಯ ದೀಪ ಇಟ್ಟ. ದೀಪ ಚಂದ ಬಂತು. ಕಲ್ಲು ಸಪ್ಪಗೇ ಇತ್ತು. ಆಮೇಲೆ ನೀರು ಬಂತು.

ಇಲ್ಲಿಂದ ನನಗೆ ಗೊಂದಲ. ನನ್ನ ನೆನಪಿನಲ್ಲಿ ಭಾವ ಮುಂದಿನ ಶೆಡ್ಡಿನಿಂದ ಹಾದುಹೋಗುತ್ತ, “ನೀರ ಹಾಕ್ರಿ, ನೀರ. ಒಣಾ ಕಲ್ಲ ಏನ್ ತೋರಸ್ತೀರಿ?” ಅಂದರು. ಅಕ್ಕನ ಪ್ರಕಾರ ಅವತ್ತು ಭಾವ ಊರಲ್ಲೇ ಇರಲಿಲ್ಲ, ಚಿತ್ತಾಪುರದ ಕಚೇರಿಗೆ ಹೋಗಿದ್ದರು. ನೀರು ಕೇಳಿದವನು ಫೋಟೋಗ್ರಾಫರ್. ಫೋಟೋಗ್ರಾಫರನನ್ನು ಕೇಳಿದರೆ, “ನಾ ಎಲ್ಲಿ ಕೇಳಿದೆ? ಅಕ್ಕಾರು ಒಂದ್ ಮಾತೂ ಆಡ್ಲಿಲ್ಲ. ಸೀದಾ ಮಗ್ ತಂದು ಹುಯ್ದ್ರು” ಎನ್ನುತ್ತಾನೆ. ಮೂವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಭಾವನ ಆ ಮಾತನ್ನು ನಾನು ಬೇರೆ ಯಾವುದೋ ದಿನ ಕೇಳಿ ಅಲ್ಲಿಗೆ ತಂದು ಹಚ್ಚಿರಬಹುದು. ಏಕೆಂದರೆ ಕಲ್ಲಿನ ಶೆಡ್ಡಿನಲ್ಲಿ ಅದು ದಿನಾ ಕೇಳುವ ಮಾತು. ಗಿರಾಕಿ ಬಂದರೆ ಕುರ್ಚಿ ಕೊಡುವ ಮೊದಲು ಕಲ್ಲಿಗೆ ಒಂದು ಮಗ್ ನೀರು ಹಾಕುತ್ತಾರೆ. ಪುಡಿಯೆಲ್ಲ ಹರಿದುಹೋಗಿ, ಬೂದು ಕಲ್ಲು ಕಣ್ಣೆದುರಿಗೇ ಕಡು ನೀಲಿಯಾಗುತ್ತದೆ. ಕೆಲವು ಹಸಿರು ತಿರುಗುತ್ತವೆ, ಕೆಲವಕ್ಕೆ ಒಳಗೆ ಮೋಡ ಇದ್ದಂತೆ ಕಾಣುತ್ತದೆ. ಗಿರಾಕಿ ಆ ಬಣ್ಣ ನೋಡಿ ಕಲ್ಲು ಆರಿಸುತ್ತಾನೆ. ಪ್ರತಿ ಶೆಡ್ಡಿನ ಬಾಗಿಲಲ್ಲೂ ಇದಕ್ಕಾಗಿಯೇ ಒಂದು ಡ್ರಮ್ಮು ಇರುತ್ತದೆ.

ಅವತ್ತು ಒಂದೊಂದು ತಟ್ಟೆಗೂ ನೀರು ಹಾಕಿ, ಒಣಗುವ ಮೊದಲು ಫೋಟೋ ತೆಗೆದೆವು. ಎಲ್ಲ ಫೋಟೋದಲ್ಲೂ ಒಂದೇ ಬಣ್ಣ ಬಂತು. ಕೆಲವುಗಳಲ್ಲಿ ಅಕ್ಕನ ಒದ್ದೆ ಕೈ, ಹಸಿರು ಬಳೆ. ಮುಖ ಬೇಡ ಎಂದು ಅವಳು ಮೊದಲೇ ಹೇಳಿದ್ದಳು.

ಫೋಟೋಗಳ ಕೆಳಗಿನ ಬರಹ ನನ್ನದು. ಅದನ್ನು ಯಾರ ಮೇಲೂ ಹಾಕುವಂತಿಲ್ಲ. ನಾನು ಬರೆದದ್ದು: ‘ಈ ಕಲ್ಲಿಗೆ ನಾವು ಯಾವ ಬಣ್ಣವನ್ನೂ ಹಚ್ಚಿಲ್ಲ. ಇದು ನೆಲದೊಳಗೆ ಇದ್ದ ಬಣ್ಣ.’ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬರೆದ ದಿನ ಅದನ್ನು ನಾಲ್ಕು ಸಲ ಓದಿಕೊಂಡು ಖುಷಿಪಟ್ಟಿದ್ದೇನೆ.

ಪೇಜ್ ಶುರುವಾದ ಮೇಲೆ ಜನ ನಿಜವಾಗಿಯೂ ಬಟ್ಟು ಸರಿಸುವುದನ್ನು ನಿಲ್ಲಿಸಿ ನೋಡಿದರು. ಕಲಬುರಗಿಯಿಂದ ಕೇಳಿದರು, ಹೈದರಾಬಾದಿನಿಂದ ಕೇಳಿದರು. ಹಿಂದಿನ ಶೆಡ್ಡಿನ ಮಷೀನು ದಿನಾ ತಿರುಗತೊಡಗಿತು. ನಾನು ಶನಿವಾರ ಸೇಡಂನಿಂದ ರೈಲಿನಲ್ಲಿ ಹೋಗಿ ಡಬ್ಬಿ ಕಟ್ಟುತ್ತಿದ್ದೆ. ಭಾವ ಬಾಗಿಲಲ್ಲಿ ಇಣುಕಿ, “ತಂಗಿ, ಮಷೀನಿಗೆ ಗ್ರೀಸ್ ಹಾಕ್ಯಾಳೇನ್ ಕೇಳು” ಎಂದು ಹೇಳಿ ಹೋಗುತ್ತಿದ್ದರು. ಅದು ಮೆಚ್ಚುಗೆ ಎಂದು ಅಕ್ಕ ತಿಳಿದುಕೊಂಡಿದ್ದಳು. ಮಷೀನಿನ ಕಾಳಜಿ ಎಂದು ನಾನು ತಿಳಿದುಕೊಂಡಿದ್ದೆ.

ಯುಗಾದಿಗೆ ತಿಂಗಳೊಪ್ಪತ್ತು ಇದ್ದಾಗ, ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದ ಫೋಟೋದ ಕೆಳಗೆ ಒಂದು ಕಮೆಂಟ್ ಬಂತು: ‘ಫೋಟೋದಲ್ಲಿ ಇದ್ದ ಕಲ್ಲು ನಮಗೆ ಬಂದಿಲ್ಲ.’ ಬರೆದವರು ಚಂದಾಪುರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟವರು. ಹೊಸ ಮನೆಯ ಪ್ರವೇಶಕ್ಕೆ ಬರುವ ಮುತ್ತೈದೆಯರಿಗೆ ಉಡಿಯಲ್ಲಿ ಹಾಕಿ ಕೊಡಲು ಹನ್ನೊಂದು ದೀಪದ ತಟ್ಟೆ ತರಿಸಿಕೊಂಡಿದ್ದರು. ಅವರ ಕಮೆಂಟಿನ ಕೆಳಗೆ ‘ನಮಗೂ ಹಾಗೇ’ ಎಂದು ಮತ್ತೊಬ್ಬರು ಬರೆದರು. ಕೇಳಿದ್ದವರಲ್ಲಿ ಇಬ್ಬರು ಈಗ ಬೇಡ ಎಂದರು. ಹೊಸಬರು ಕೇಳುವುದೇ ನಿಂತಿತು. ಮಷೀನೂ ನಿಂತಿತು.

ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಅವಳಿಗೆ ಅರ್ಥವೇ ಆಗಲಿಲ್ಲ.

“ನೀರ ಹಾಕಿಲ್ಲೇನು ಅಕಿ?” ಅಂದಳು.

“ಯಾಕ ಹಾಕ್ತಾರ ಅಕ್ಕ? ದೀಪದ ತಟ್ಟಿಗೆ?”

“ಕಲ್ಲು ನೋಡಬೇಕಂದ್ರ ನೀರ ಹಾಕಬೇಕಲ್ಲ. ಗೊತ್ತಿಲ್ಲೇನು ಮಂದೀಗೆ?” ಆಮೇಲೆ ಅಂದಳು, “ನೀ ಒಂದಿಷ್ಟು ಹೋಗಿ ಹಾಕಿ ತೋರಿಸಿ ಬಾ.”

ಆ ಭಾನುವಾರ ಸೇಡಂನಿಂದ ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆ. ಅಂಗಡಿಯ ಹಿಂದೆಯೇ ಮನೆ. ಬಾಗಿಲು ತೆಗೆದವರು ನನ್ನ ತಾಯಿಯ ವಯಸ್ಸಿನವರು, ಕೊರಳಲ್ಲಿ ಅಳತೆಯ ಟೇಪು. ಬೈಯುತ್ತಾರೆ ಎಂದುಕೊಂಡಿದ್ದೆ. “ಬರ್ರಿ, ಕುಂದ್ರಿ. ಬಸ್ಸಿನ್ಯಾಗ ಬಂದೀರಿ, ಮೊದಲ ನೀರ ಕುಡೀರಿ” ಎಂದು ಗ್ಲಾಸು ಕೊಟ್ಟರು. ಹನ್ನೊಂದು ತಟ್ಟೆಗಳೂ ಟೇಬಲ್ ಮೇಲೆ ಸಾಲಾಗಿದ್ದವು, ಬೂದಿ ಬಣ್ಣದವು. ಅವರು ಬೇಕೆಂದೇ ಹಾಗೆ ಜೋಡಿಸಿಟ್ಟಿದ್ದರೋ ಏನೋ. ನಾನು ಒಂದು ಮಾತೂ ಆಡದೆ ಗ್ಲಾಸಿನ ನೀರನ್ನು ಒಂದು ತಟ್ಟೆಯ ಮೇಲೆ ಹುಯ್ದೆ.

“ಅಯ್ಯ! ಕುಡೀಲಿಕ್ಕ ಕೊಟ್ರ ಇದೇನ್ ಮಾಡಾಕತ್ತೀರಿ?”

“ನೋಡ್ರಿ,” ಅಂದೆ.

ತಟ್ಟೆ ನೀಲಿಯಾಯಿತು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು. “ಇದೇ! ಇದೇ ನೋಡ್ರಿ ನಾ ಫೋಟೋದಾಗ ನೋಡಿದ್ದು!” ನನ್ನ ಬೆನ್ನು ತಟ್ಟಿದರು. ಎಲ್ಲ ಸರಿಹೋಯಿತು ಎಂದು ಇಬ್ಬರಿಗೂ ಅನಿಸಿತು. ಚಹಾ ಮಾಡಿ ತಂದರು. ಕುಡಿಯುತ್ತ ಇಬ್ಬರೂ ತಟ್ಟೆಯನ್ನೇ ನೋಡುತ್ತ ಕುಳಿತೆವು. ಮೇಲೆ ಫ್ಯಾನ್ ತಿರುಗುತ್ತಿತ್ತು. ಬಣ್ಣ ಅಂಚಿನಿಂದ ಬಿಡುತ್ತ ಬಂತು. ಬಿಲ್ಲೆಯಷ್ಟು ಉಳಿಯಿತು, ಬೊಟ್ಟಿನಷ್ಟು ಉಳಿಯಿತು.

“ಹೋತು,” ಅಂದರು ಅವರು.

ನಾನು ಒಣಗಿದ ತಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

“ಅಂದ್ರ ಉಡಿ ತುಂಬೋ ಮುಂದ ಈ ತಟ್ಟಿ ಜೋಡಿ ಒಂದೊಂದು ತಂಬಿಗಿ ನೀರೂ ಕೊಟ್ಟು ಕಳಸಬೇಕೇನ್ರಿ ನಾ?”

“ಮೋಸ ಮಾಡಬೇಕಂತ ಮಾಡಿಲ್ರಿ. ನಮ್ಮ ಕಡೆ ಕಲ್ಲು ತೋರಸೋದೇ ಹಂಗ.”

“ಮೋಸ ಅಂದೆನೇನ್ರಿ ನಾ?” ಅವರು ಚಹಾದ ಬಟ್ಟಲು ಕೆಳಗಿಟ್ಟರು. “ನಮ್ಮ ಬಚ್ಚಲದಾಗೂ ಇದೇ ಕಲ್ಲು ಅದ. ದಿನಾ ನೀರ ಬೀಳ್ತದ, ದಿನಾ ಕಪ್ಪಾಗ್ತದ. ಒಂದಿನಾನೂ ನಾ ನೋಡಿಲ್ಲ. ನಿಮ್ಮ ಫೋಟೋ ನೋಡಿ, ಇದ್ಯಾವುದೋ ಬ್ಯಾರೆ ಕಲ್ಲು, ಹನ್ನೊಂದು ಮಂದೀಗೆ ಕೊಟ್ರ ನೆನಸಬೇಕು ಅನಕೊಂಡೆ. ಬಚ್ಚಲದ ಕಲ್ಲ ಉಡ್ಯಾಗ ಹಾಕಿದ್ಳು ಅನ್ನಂಗಾತು ನೋಡ್ರಿ ಈಗ.” ಆಮೇಲೆ ನಿಜವಾಗಿ ತಿಳಿದುಕೊಳ್ಳಲೆಂಬಂತೆ ಕೇಳಿದರು: “ನೀವೇ ಹೇಳ್ರಿ, ಓದಿದವ್ರು. ನೀವು ಮಾರಿದ್ದು ಹಸೀ ಕಲ್ಲೋ, ಒಣಾ ಕಲ್ಲೋ?”

ವಾಪಸ್ ಒಯ್ಯುತ್ತೇನೆ ಎಂದೆ. ಗುರುವಾರವೇ ಕಾರ್ಯಕ್ರಮ, ಈಗ ಬೇರೆ ಎಲ್ಲಿಂದ ತರಲಿ ಎಂದು ಅವರು ಇಟ್ಟುಕೊಂಡರು. ಅವತ್ತಿನ ಡೈರಿಯಲ್ಲಿ ‘ಕಮೆಂಟ್ ತೆಗೆಯಿರಿ ಎಂದು ನಾನು ಕೇಳಲಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಎರಡು ಗೆರೆ ನೋಡಿದರೆ ಕೇಳಿದ್ದೆನೇನೋ ಎಂಬ ಅನುಮಾನ ಬರುತ್ತದೆ. ಅವರಂತೂ ತೆಗೆಯಲಿಲ್ಲ.

ವಾಡಿಯಲ್ಲಿ ಭಾವನಿಗೆ ವಿಷಯ ತಿಳಿದಿತ್ತು. “ಎಣ್ಣಿ ಹಚ್ಚಿ ಕಳಸು ಅಂತ ಹೇಳು,” ಅಂದರು ನನಗೆ. “ಎಣ್ಣಿ ಹಚ್ಚಿದ್ರ ಬಣ್ಣ ನಿಂದರ್ತದ. ಇಷ್ಟೂ ತಿಳೀವಲ್ದೇನು?”

ಅಕ್ಕ ಒಂದು ಮಣೆಗೆ, ಎರಡು ತಟ್ಟೆಗೆ ಎಣ್ಣೆ ತಿಕ್ಕಿ ಇಟ್ಟಳು. ಬಣ್ಣ ನಿಂತಿತು. ಫೋಟೋದಲ್ಲಿ ಇದ್ದುದಕ್ಕಿಂತ ಚೆನ್ನಾಗಿಯೇ ನಿಂತಿತು. ನನಗೆ ಸಮಾಧಾನವಾಯಿತು, ಇನ್ನು ಫೋಟೋ ನಿಜವಾಯಿತಲ್ಲ ಎಂದೆ. ಒಂದು ವಾರಕ್ಕೆ ಅವುಗಳ ಮೇಲೆ ಶೆಡ್ಡಿನ ಪುಡಿಯೆಲ್ಲ ಕೂತು, ಮುಟ್ಟಿದಲ್ಲೆಲ್ಲ ಬೆರಳಿನ ಗುರುತುಗಳು ಬಿದ್ದವು. ಮಣೆಯ ಮೇಲೆ ಲಟ್ಟಿಸಿದ ಚಪಾತಿಗೆ ಜಿಡ್ಡಿನ ವಾಸನೆ. ಇನ್ನೊಂದು ವಾರಕ್ಕೆ ನಡುನಡುವೆ ಬಣ್ಣ ಬಿಟ್ಟು ತೊನ್ನು ಹತ್ತಿದಂತೆ ಕಂಡಿತು.

“ನೀರಿಂದು ಹತ್ತು ನಿಮಿಷದ ಸುಳ್ಳು,” ಅಂದಳು ಅಕ್ಕ. “ಎಣ್ಣೀದು ಹದಿನೈದು ದಿನದ್ದು.”

“ಸುಳ್ಳು ಅಂತ ಯಾಕಂತಿ? ಕಲ್ಲು ಅದೇ ಅಲ್ಲೇನು?”

“ನನಗೂ ಅದೇ ತಿಳೀವಲ್ದು. ಅದೇ ಕಲ್ಲು. ಆದ್ರ ಅಕೀ ಕೈಯಾಗ ಬಂದಾಗ ಅದಲ್ಲ.”

ನೀರಿನ ಫೋಟೋಗಳನ್ನೆಲ್ಲ ಪೇಜಿನಿಂದ ತೆಗೆದುಬಿಡು ಎಂದಳು. ಯುಗಾದಿಗೆ ಮೂರು ವಾರವೂ ಇರಲಿಲ್ಲ. ಪೇಜಿನಲ್ಲಿ ಇದ್ದುದೇ ಆ ಫೋಟೋಗಳು. ಅವುಗಳನ್ನು ತೆಗೆದರೆ ಅಂಗಡಿಯ ಬಾಗಿಲು ಹಾಕಿದಂತೆ. ಇರಲಿ ಬಿಡು, ಕೆಳಗೆ ‘ಒದ್ದೆ ಇದ್ದಾಗ’ ಎಂದು ಸಣ್ಣ ಅಕ್ಷರದಲ್ಲಿ ಬರೆಯೋಣ ಎಂದು ನಾನು ವಾದಿಸಿದೆ. “ಸಣ್ಣ ಅಕ್ಷರ ಯಾಕ?” ಎಂದಳು. ನಾನು ಫೋನ್ ಕೈಗೆತ್ತಿಕೊಂಡೆ. ಒಂದೊಂದಾಗಿ ತೆಗೆದೆ.

ಫೋಟೋಗ್ರಾಫರ್ ಮತ್ತೆ ಬಂದ. ನೀರಿಲ್ಲದೆ ತೆಗೆಯಬೇಕು ಎಂದಾಗ ಅವನಿಗೆ ಅವಮಾನವಾದಂತಾಯಿತು.

“ಮದಿಮಗಳ್ನ ನಿದ್ದಿಯಿಂದ ಎಬ್ಬಿಸಿ ಮುಖಾ ತೊಳಿಲಾರದ ಫೋಟೋ ತಗೀ ಅಂದಂಗಾತು ಅಕ್ಕಾರ.”

“ಲಗ್ನ ಆದ ಮ್ಯಾಲ ದಿನಾ ನೋಡೋದು ಆ ಮುಖಾನೇ ಅಲ್ಲೇನೋ?” ಅಂದಳು ಅಕ್ಕ.

ಅವನು ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ. ಕೆಂಪು ಬಟ್ಟೆ, ಹೂವು ಏನೂ ಬೇಡವಾಯಿತು. ಬೂದು ಕಲ್ಲಿನಲ್ಲಿ ಪದರಗಳ ಸಣ್ಣ ಗೆರೆಗಳು ಕಂಡವು, ನೀರು ಹಾಕಿದಾಗ ಅವು ಮುಚ್ಚಿಹೋಗಿದ್ದವು. ನನಗೆ ಅದು ಚಂದ ಎನಿಸಿತು. ಚಂದ ಎನಿಸಿದ್ದು ಆಗಲೋ, ಆಮೇಲೆ ಚಂದ ಎನ್ನಬೇಕಾಗಿ ಬಂದದ್ದರಿಂದಲೋ ಹೇಳಲಾರೆ. “ಇದರ ಕೆಳಗ ನನ್ನ ಸ್ಟುಡಿಯೋದ ಹೆಸರು ಮಾತ್ರ ಹಾಕಬ್ಯಾಡ್ರಿ ಮೇಡಂ” ಎಂದು ಅವನು ಬೈಕ್ ಹತ್ತಿದ.

ಒಣ ಫೋಟೋಗಳನ್ನು ಯಾರೂ ನಿಂತು ನೋಡಲಿಲ್ಲ. ಯುಗಾದಿಯ ಹೊತ್ತಿಗೆ ಅವುಗಳಿಂದ ಬಂದ ಆರ್ಡರ್ ಒಂದೇ: ಚಿತ್ತಾಪುರದ ಒಬ್ಬರಿಗೆ ನಾಲ್ಕು ತಟ್ಟೆ.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನಾನು ವಾಡಿಯಲ್ಲಿದ್ದೆ. ಭಾವ ಶೆಡ್ಡಿಗೆ ಬಂದರು. ಬೀಗದ ಕೈ ಕೇಳಲು ಬಂದಿದ್ದಾರೆಂದು ಮೂವರಿಗೂ ಗೊತ್ತಿತ್ತು. ಅಕ್ಕ ಅದನ್ನು ಮೊದಲೇ ತೆಗೆದು ಮಷೀನಿನ ಮೇಲೆ ಇಟ್ಟಿದ್ದಳು. ಭಾವ ಅದರ ಕಡೆ ನೋಡಲಿಲ್ಲ. ಅವರಿಗೆ ಬೇರೆ ಏನೋ ಚುಚ್ಚುತ್ತಿತ್ತು.

“ತಂಗಿ, ನಿಮ್ಮಕ್ಕಗ ಕೇಳು. ನೀರ ಹಾಕಿದ ಫೋಟೋ ಎಲ್ಲಾ ತಗದ ಹಾಕ್ಯಾಳಂತ, ಖರೆ ಏನು?”

“ಹೌದಂತ ಹೇಳು,” ಅಂದಳು ಅಕ್ಕ.

“ಯಾಕಂತ ಕೇಳು.”

“ಕೈಯಾಗ ಬಂದಾಗ ಹಂಗ ಇರಂಗಿಲ್ಲ, ಅದಕ್ಕಂತ ಹೇಳು.”

ಭಾವನ ದನಿ ಏರಿತು. “ಹಂಗಾರ ಕೇಳು ಅಕಿಗೆ. ನಮ್ಮಪ್ಪ ನೀರ ಹಾಕಿ ಮಾರ್ದ. ನಾ ಇಷ್ಟು ವರ್ಷ ನೀರ ಹಾಕಿ ಮಾರೀನಿ. ನಾವೆಲ್ಲಾ ಮಂದೀಗೆ ಮೋಸ ಮಾಡಿದ್ವೇನು? ಕೇಳು!”

ನಾನು ಅಕ್ಕನ ಕಡೆ ತಿರುಗಿದೆ, ಆದರೆ ಕೇಳಬೇಕಾಗಿ ಬರಲಿಲ್ಲ. ಅಕ್ಕ ನೇರವಾಗಿ ಅವರಿಗೇ ಹೇಳಿದಳು. ಆ ಮನೆಗೆ ಹೋದ ಇಷ್ಟು ವರ್ಷಗಳಲ್ಲಿ ಅವಳು ಅವರಿಗೆ ಆಡಿದ ಮೊದಲ ಮಾತು ಅದು ಎಂದು ನಾನು ತಿಳಿದಿದ್ದೇನೆ. ಅಲ್ಲ, ಮೊದಲೂ ಒಮ್ಮೆ ಅತ್ತೆಗೆ ಹುಷಾರಿಲ್ಲದಾಗ ಆಡಿದ್ದೆ ಎನ್ನುತ್ತಾಳೆ ಅವಳು.

“ನಿಮ್ಮ ಗಿರಾಕಿ ನಿಮ್ಮ ಮುಂದ ನಿಂತಿರ್ತಾನ್ರಿ ಭಾವಾರ. ಒಣಾ ಕಲ್ಲೂ ನೋಡ್ತಾನ, ನೀವು ನೀರ ಹಾಕೋದೂ ನೋಡ್ತಾನ. ನನ್ನ ಗಿರಾಕಿಗೆ ಮಗ್ ಕಾಣ್ಸಲಿಲ್ರಿ. ಅಷ್ಟೇ.”

ಭಾವ ನನ್ನ ಕಡೆ ನೋಡಿದರು, ನಾನು ಅದನ್ನು ಮತ್ತೆ ಹೇಳಬೇಕೇನೋ ಎಂಬಂತೆ. ಆಗ ಅಕ್ಕನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಚಿತ್ತಾಪುರದ ಗಿರಾಕಿಯದು. ಮಾತಿಗೆ ಬೇರೆ ಏನಾದರೂ ಸಿಕ್ಕೀತು, ಈ ಗಳಿಗೆ ಕಳೆದೀತು ಎಂದು ನಾನು ಅದನ್ನು ಹಚ್ಚಿದೆ. ಹೆಣ್ಣುದನಿ, ಗಾಬರಿಯಿತ್ತು:

“ಅಕ್ಕಾರ, ನಿಮ್ಮ ತಟ್ಟಿ ಬಂದಾವ್ರಿ. ಫೋಟೋದಾಗ ಇದ್ದಂಗೇ ಬೆಳ್ಳಗ, ಭಾಳ ಚಂದ ಇದ್ವು. ಹಬ್ಬ ಅಂತ ತೊಳದ್ರ ಎಲ್ಲಾ ಕಪ್ಪಾಗ್ಯಾವ್ರಿ! ಬಣ್ಣ ಹಚ್ಚಿ ಕಳಸೀರೇನು? ಖರೆ ಕಲ್ಲೇ ಹೌದಲ್ರಿ ಇವು?”

ಮೂವರೂ ಫೋನ್ ನೋಡುತ್ತ ನಿಂತೆವು. ಮೊದಲು ನಕ್ಕವರು ಯಾರು ಎಂದು ನನ್ನನ್ನು ಕೇಳಬಾರದು. ಭಾವ ಎಂದು ನನಗೆ ನೆನಪು. ಅವರು ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಹಾಗಾಗಿ ಆ ನಗುವೇ ಬೇರೆಲ್ಲವನ್ನೂ ಮುಚ್ಚಿರಬಹುದು.

“ಕೊಡಿಲ್ಲಿ,” ಎಂದು ಫೋನ್ ಇಸಿದುಕೊಂಡರು. ಎಲ್ಲಿ ಒತ್ತಬೇಕು ಎಂದು ಕೇಳಿದರು. ಆಮೇಲೆ ಗಿರಾಕಿ ಎದುರಿಗೆ ಕುರ್ಚಿಯಲ್ಲಿ ಕೂತಂತೆ ಮಾತಾಡಿದರು: “ಯವ್ವಾ, ಅಂಜಬ್ಯಾಡ. ಕಲ್ಲು ನೀರ ಕುಡೀತದ. ಕುಡದ್ರ ಕಪ್ಪಾಗ್ತದ, ಬಿಸಿಲಿಗೆ ಇಡು, ಮತ್ತ ಬೆಳ್ಳಗಾಗ್ತದ. ಖೊಟ್ಟಿ ಮಾಲ ಇದ್ರ ಹಿಂಗ ಆಗಂಗಿಲ್ಲ. ಇದು ರಾವೂರ ಗಣೀದು, ಮ್ಯಾಲಿಂದ ನಾಕನೇ ಪದರಿಂದು...” ಯಾವ ಪದರದ ಕಲ್ಲು ಯಾವ ಬಣ್ಣಕ್ಕೆ ತಿರುಗುತ್ತದೆ, ಯಾವುದು ಬೇಗ ಒಣಗುತ್ತದೆ ಎಂದೆಲ್ಲ ಹೇಳುತ್ತ ಹೋದರು. ಅಕ್ಕ ಮಾಡಿದ ತಟ್ಟೆ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು, ಆ ಹೆಂಗಸಿಗೆ ಕಾಣುವುದೇನೋ ಎಂಬಂತೆ. ಮುಗಿಸಿ, ಫೋನನ್ನು ಮಷೀನಿನ ಮೇಲೆ ಬೀಗದ ಕೈಯ ಪಕ್ಕದಲ್ಲಿ ಇಟ್ಟು, ಹೊರ ನಡೆದರು. ಕೈಯಲ್ಲಿದ್ದ ತಟ್ಟೆಯನ್ನು ಒಯ್ದರು. ಬೀಗದ ಕೈ ಅಲ್ಲೇ ಉಳಿಯಿತು.

ಮರೆತರು ಎನ್ನುತ್ತಾಳೆ ಅಕ್ಕ. ಮರೆಯುವವರಲ್ಲ ಎನ್ನುತ್ತೇನೆ ನಾನು. ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಹಬ್ಬದ ಮರುವಾರ ತೊಗರಿ ಚೀಲಗಳು ಬಂದವು. ಲಾರಿ ನಿಂತ ಸದ್ದು ಕೇಳಿ ಅಕ್ಕ ತನ್ನ ಸಾಮಾನು ಕಟ್ಟಿಟ್ಟಳು. ಆದರೆ ಹಮಾಲರು ಶೆಡ್ಡಿನ ಮುಂದಿನ ಅರ್ಧಕ್ಕೆ ಮಾತ್ರ ಚೀಲ ಒಟ್ಟಿ ನಿಲ್ಲಿಸಿದರು; ಮಷೀನು ಇರುವ ಹಿಂದಿನ ಅರ್ಧವನ್ನು ಬಿಟ್ಟರು. ನಡುವೆ ಒಬ್ಬರು ಹೋಗುವಷ್ಟು ದಾರಿ. ಮಷೀನು ಕೀಳಿಸಲು ಖರ್ಚಾಗುತ್ತದೆ, ಅದಕ್ಕೇ ಬಿಟ್ಟೆ ಎಂದು ಭಾವ ತಮ್ಮನ ಮುಂದೆ ಹೇಳಿದರಂತೆ. ಅಕ್ಕನಿಗೆ ಅವರು ಏನೂ ಹೇಳಲಿಲ್ಲ, ನನ್ನ ಮೂಲಕವೂ ಹೇಳಲಿಲ್ಲ.

“ಇದು ಕೊಟ್ಟಂಗೋ, ಕಸಗೊಂಡಂಗೋ?” ಎಂದು ಅಕ್ಕ ಆಗಾಗ ಕೇಳುತ್ತಾಳೆ. ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತೇನೆ. ಮಷೀನು ದಿನಾ ಅಲ್ಲದಿದ್ದರೂ ವಾರದಲ್ಲಿ ಮೂರು ದಿನ ತಿರುಗುತ್ತಿದೆ. ಪೇಜಿನಲ್ಲಿ ಈಗ ಒಂದೇ ತಟ್ಟೆಯ ಎರಡು ಫೋಟೋ, ಒಣಗಿದ್ದು ಮತ್ತು ಒದ್ದೆಯದು, ಪಕ್ಕಪಕ್ಕದಲ್ಲಿವೆ, ಎರಡರ ಕೆಳಗೂ ಒಂದೇ ಅಳತೆಯ ಅಕ್ಷರ. ಯಾವುದನ್ನು ಎಡಕ್ಕೆ ಇಡಬೇಕು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಚೀಲಗಳ ನಡುವಿನ ದಾರಿ ಸಣ್ಣದು. ಮೊದಲಿನಂತೆ ಅಗಲವಾದ ಮಣೆಗಳನ್ನು ಎತ್ತಿಕೊಂಡು ಅಲ್ಲಿಂದ ಹೊರಬರಲು ಆಗುವುದಿಲ್ಲ, ಮೊಣಕೈ ತಾಗಿ ತೊಗರಿ ಉದುರುತ್ತದೆ. ಹಾಗಾಗಿ ಅಕ್ಕ ಈಗ ಎದೆಗೆ ಅವಚಿಕೊಂಡು ಹೊರತರುವಷ್ಟು ಅಗಲದ ಮಣೆಗಳನ್ನೇ ಮಾಡುತ್ತಾಳೆ. ದೊಡ್ಡವು ಯಾಕಿಲ್ಲ ಎಂದು ಕಲಬುರಗಿಯ ಒಬ್ಬರು ಕೇಳಿದ್ದಾರೆ. ಏನು ಬರೆಯಲಿ ಎಂದು ಅಕ್ಕನನ್ನು ಕೇಳಿದೆ. ಅವಳು ಅಂಚು ಉಜ್ಜುತ್ತಿದ್ದಳು. “ಇದ್ದದ್ದು ಬರೀ” ಎಂದಳು. ಎರಡು ದಿನವಾಯಿತು, ಇನ್ನೂ ಬರೆದಿಲ್ಲ.